ದೊಡ್ಡವರು ಕೇಳಿದ ಕೆಂಪು

ಇಷ್ಟಕ್ಕೆಲ್ಲ ಕಾರಣ ಒಂದು ಹಲ್ಲುನೋವು. ದೊಡ್ಡವರಿಗೆ ದವಡೆ ಹಲ್ಲು ನೋಯದೆ ಇದ್ದಿದ್ದರೆ ಅವರು ಹಲ್ಲಿನ ಡಾಕ್ಟರ ಬಾಗಿಲಿಗೆ ಹೋಗುತ್ತಿರಲಿಲ್ಲ. ಅಲ್ಲಿ ಕಾದು ಕೂತವರಿಗೆಂದು ಇಟ್ಟಿದ್ದ ಹಳೆಯ ವಾರಪತ್ರಿಕೆಯನ್ನು ತಿರುವಿ ಹಾಕುತ್ತಿರಲಿಲ್ಲ. ಅದರಲ್ಲಿ ಮೆಕ್ಸಿಕೋ ಅಡುಗೆಯ ಚಿತ್ರವೊಂದನ್ನು ಕಂಡು, ಯಾರೂ ನೋಡದಾಗ ಹರಿದು ಜೇಬಿಗೆ ಇಳಿಸುತ್ತಲೂ ಇರಲಿಲ್ಲ. ಚಿತ್ರದಲ್ಲಿ ಇದ್ದದ್ದು ಒಂದು ಮಣ್ಣಿನ ಬಟ್ಟಲು, ಅದರ ತುಂಬ ಒಣಮೆಣಸಿನಕಾಯಿಯ ಸಾಸು. ಅದು ಕೆಂಪೂ ಅಲ್ಲ, ಕಂದೂ ಅಲ್ಲ, ಕಪ್ಪಂತೂ ಅಲ್ಲವೇ ಅಲ್ಲ. ಬಾಯಿಗೆ ಹತ್ತಿ ತುರುಕಿಕೊಂಡು ಮನೆಗೆ ಬಂದ ದೊಡ್ಡವರಿಗೆ ಅವತ್ತು ನಿದ್ದೆ ಬರಲಿಲ್ಲವಂತೆ. ನೋವಿಗಲ್ಲ, ಆ ಬಣ್ಣಕ್ಕೆ.

ಈ ದೊಡ್ಡವರು ಬಣ್ಣದ ಕಾರ್ಖಾನೆಯೊಂದರ ಶೇಡ್ ರೂಮಿನ ಮುಖ್ಯಸ್ಥರು. ಗಿರಾಕಿಗಳು ಒಂದು ಬಟ್ಟೆಯ ಚೂರನ್ನೋ ಒಡೆದ ಹೆಂಚನ್ನೋ ತಂದು "ಗೋಡೆಗೆ ಇದೇ ಬಣ್ಣ ಬೇಕು" ಅಂದರೆ, ಅದನ್ನು ಕಣ್ಣಳತೆಯಲ್ಲೇ ಕಲಸಿ ಹೊಂದಿಸುವ ಕೋಣೆ ಅದು. ಅಲ್ಲಿ ಕೆಲಸ ಮಾಡುವವರು ಇಬ್ಬರೇ. ಒಬ್ಬರು ದೊಡ್ಡವರು, ಇನ್ನೊಬ್ಬರು ಚಿಕ್ಕವರು. ಚಿಕ್ಕವರಿಗೆ ನೆತ್ತಿಯ ಕೂದಲು ಉದುರಿ, ಓದುವ ಕನ್ನಡಕ ಬಂದು, ಬಗ್ಗಿದರೆ ಸೊಂಟ ಹಿಡಿಯಲು ಶುರುವಾಗಿ ಎಷ್ಟೋ ಕಾಲವಾಗಿತ್ತು. ಆದರೂ ದೊಡ್ಡವರು ಇರುವ ತನಕ ಅವರು ಚಿಕ್ಕವರೇ.

ಕೋಣೆಗೆ ಇರುವುದು ಒಂದೇ ಕಿಟಕಿ, ಉತ್ತರಕ್ಕೆ. ಉತ್ತರದ ಬೆಳಕಿನಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಹಾಗಾಗಿ ಬಣ್ಣ ಮೋಸ ಮಾಡುವುದಿಲ್ಲ. ಆ ಕಿಟಕಿಯ ಪಕ್ಕದ ಕುರ್ಚಿ ದೊಡ್ಡವರದು. ಚಿಕ್ಕವರಿಗೆ ಹಿಂದಿನ ಮೂಲೆ, ಒಂದು ಸ್ಟೂಲು, ತಲೆಯ ಮೇಲೆ ಗುಂಯ್‌ಗುಡುವ ಟ್ಯೂಬ್‌ಲೈಟು. ಅವರು ಬಣ್ಣ ಕಲಸಿ, ತಗಡಿನ ಮೇಲೆ ಬಳಿದು, ಕಿಟಕಿಯ ಹತ್ತಿರ ಒಯ್ಯಬೇಕು. ದೊಡ್ಡವರು ಮೊದಲು ಕಣ್ಣು ಮುಚ್ಚಿ, ಎರಡು ರೆಪ್ಪೆಗಳನ್ನೂ ಬೆರಳಿನಿಂದ ಒತ್ತಿ ಹಿಡಿದು, ಅದಕ್ಕೆ ಮುಂಚೆ ನೋಡಿದ ಬಣ್ಣವೆಲ್ಲ ಕಣ್ಣಿನಿಂದ ಇಳಿದುಹೋಗುವ ತನಕ ಕಾಯುವರು. ಆಮೇಲೆ ತಗಡು ನೋಡಿ "ಇನ್ನೊಂದು ಸಲ" ಅನ್ನುವರು. ಚಿಕ್ಕವರು ಮೂಲೆಗೆ ವಾಪಸು ಬರುವರು. ಚಿಕ್ಕವರ ಸಂಸಾರದಲ್ಲಿ ಏರುಪೇರು ಏನೇ ಆಗಿರಲಿ, ಈ ನಡೆದಾಟ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ.

ಅಂಥ ದೊಡ್ಡವರು ಕೊನೆಗೂ ನಿವೃತ್ತರಾಗುತ್ತಿದ್ದರು. ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೋಗುವವರು ತಮಗೆ ಬೇಕಾದ ಒಂದು ಅಡುಗೆ ಕೇಳಬೇಕು. ಅವರ ಕುರ್ಚಿಗೆ ಬರುವವರು ಅದನ್ನು ಮನೆಯಲ್ಲಿ ತಾವೇ ಮಾಡಿ ತರಬೇಕು. ಹೆಂಡತಿಯಾಗಲಿ ಹೋಟೆಲಿನವರಾಗಲಿ ಕೈ ಹಾಕುವಂತಿಲ್ಲ. ಹಿಂದೆ ನಿವೃತ್ತರಾದ ಗೋದಾಮಿನವರೊಬ್ಬರು ಆಮ್ಲೆಟ್ ಕೇಳಿ ಸುಮ್ಮನಾಗಿದ್ದರು. ದೊಡ್ಡವರು ಜೇಬಿನಿಂದ ಆ ಚಿತ್ರ ತೆಗೆದು ಮೇಜಿನ ಮೇಲೆ ಇಟ್ಟರು.

"ತಿನ್ನೋಕಲ್ಲ ಕಣಯ್ಯ, ನೋಡೋಕೆ," ಅಂದರು. "ಪೇಪರಲ್ಲಿರೋದು ಶಾಯಿ ಬಣ್ಣ, ನಂಬೋ ಹಾಗಿಲ್ಲ. ನಿಜವಾದದ್ದನ್ನ ಒಂದ್ಸಲ ಈ ಕಿಟಕೀಲಿ ನೋಡ್ಬಿಟ್ಟು ಹೋಗ್ತೀನಿ. ತಿನ್ನೋದು ಬೇರೆಯವರು ತಿನ್ಲಿ."

ಹೀಗಾಗಿ ಆ ದಿನ ಬೆಳಗ್ಗೆ ಚಿಕ್ಕವರು ತಮ್ಮ ಮನೆಯ ಅಡುಗೆಮನೆಯಲ್ಲಿ ನಿಂತಿದ್ದರು. ಹೊರದೇಶದ ಸಾಮಾನು ಮಾರುವ ಅಂಗಡಿಯಿಂದ ಮೂರು ಜಾತಿಯ ಒಣಮೆಣಸಿನಕಾಯಿ ಬಂದಿತ್ತು. ಒಂದು ಅಗಲವಾಗಿ ಸುಕ್ಕುಗಟ್ಟಿ ಒಣದ್ರಾಕ್ಷಿಯ ಹಾಗೆ ಕಪ್ಪಗಿತ್ತು. ಇನ್ನೊಂದು ಉದ್ದಕ್ಕೆ, ನುಣ್ಣಗೆ, ಬೆಲ್ಟಿನ ಚರ್ಮದಂತೆ ಇತ್ತು. ಮೂರನೆಯದು ಕಿರುಬೆರಳಿಗಿಂತ ಸಣ್ಣ. ಅದನ್ನು ಕಟ್ಟಿಕೊಡುವಾಗ ಅಂಗಡಿಯವನು, ಹುಷಾರು ಅಂತ ಎರಡು ಸಲ ಹೇಳಿದ್ದ. ಹೆಂಡತಿ ಕೈಕಟ್ಟಿ ಸ್ಟೂಲಿನ ಮೇಲೆ ಕೂತು, ಮೊಬೈಲಿನಲ್ಲಿ ಕಂಡ ವಿಧಾನವನ್ನು ಓದಿ ಹೇಳುತ್ತಿದ್ದರು. ಮುಟ್ಟುವಂತಿಲ್ಲವಲ್ಲ.

"ರೀ, ಇದು ಆದ್ರೆ ಆ ಕುರ್ಚಿ ನಿಮ್ದೇ ತಾನೆ?"

"ಮೂರು ಗಂಟೆಗೆ ಅವರು ಗೇಟು ದಾಟ್ಲಿ, ನಂದೇ."

"ದಾಟ್ಲಿ ಪುಣ್ಯಾತ್ಮರು. ಮೂಲೇಲಿ ಕೂತೂ ಕೂತೂ ನಿಮ್ಮ ಮುಖಾನೇ ಟ್ಯೂಬ್‌ಲೈಟ್ ಬಣ್ಣಕ್ಕೆ ತಿರುಗಿದೆ. ಇನ್ಮೇಲಾದ್ರೂ ಸ್ವಲ್ಪ ಬೆಳಕಲ್ಲಿ ಕೂತ್ಕೊಳ್ಳಿ."

ಚಿಕ್ಕವರು ಮೆಣಸಿನಕಾಯಿಯ ಪೊಟ್ಟಣ ಬಿಚ್ಚಿದರು. ಆ ಕಿಟಕಿಯ ಬೆಳಕಿನಲ್ಲಿ ಕೂತು, ತಾವೇ ಕಲಸಿದ ಬಣ್ಣವನ್ನು ತಾವೇ ನೋಡಿ, ತಾವೇ ಸೈ ಅನ್ನುವ ಒಂದು ದಿನಕ್ಕಾಗಿ ಅವರ ಜೀವ ಎಷ್ಟು ಹಂಬಲಿಸಿತ್ತು ಅನ್ನುವುದನ್ನು ಅವರು ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ದೊಡ್ಡವರ ಮೇಲೆ ಅವರಿಗೆ ಕೋಪವಿತ್ತೇ ಅಂದರೆ, ಇತ್ತು. ದಿನಾ ಊಟದ ಡಬ್ಬಿಯ ಜೊತೆ ಒಯ್ದು ವಾಪಸು ತರುವಷ್ಟು ಇತ್ತು.

"ಕಾಯಿ ಸೀಳಿ, ಬೀಜ ತೆಗೆದು, ಒಣ ಬಾಣಲೆಯಲ್ಲಿ ಹುರೀಬೇಕಂತೆ," ಹೆಂಡತಿ ಓದಿದರು. "ಘಮ ಬಂದ ತಕ್ಷಣ ಇಳಿಸಬೇಕಂತೆ."

ಬೇರೆ ಯಾರಾದರೂ ಆಗಿದ್ದರೆ ಘಮ ಬಂದ ತಕ್ಷಣ ಇಳಿಸುತ್ತಿದ್ದರು. ಚಿಕ್ಕವರು ಬಣ್ಣದವರು. ಮೂಗನ್ನು ನಂಬಿ ಅಭ್ಯಾಸವಿಲ್ಲ. ಒಂದು ಕೈಯಲ್ಲಿ ಚಿತ್ರ ಹಿಡಿದು, ಬಾಣಲೆಯ ಕಾಯಿಗೂ ಚಿತ್ರಕ್ಕೂ ತಾಳೆ ನೋಡುತ್ತ, ಇನ್ನೊಂಚೂರು ಕಪ್ಪಾಗಲಿ ಅಂತ ಕಾದರು. ಘಮ ಬಂತು, ಹೋಯಿತು. ಅದರ ಹಿಂದೆಯೇ ಹೊಗೆ ಎದ್ದಿತು.

ಮೆಣಸಿನಕಾಯಿ ಸೀದ ಹೊಗೆಯನ್ನು ಕುಡಿದವರಿಗೆ ವಿವರಿಸಬೇಕಾಗಿಲ್ಲ, ಕುಡಿಯದವರಿಗೆ ವಿವರಿಸಿ ಪ್ರಯೋಜನವಿಲ್ಲ. ಮೊದಲು ಚಿಕ್ಕವರು ಕೆಮ್ಮಿದರು, ಆಮೇಲೆ ಹೆಂಡತಿ. ಹೊಗೆ ಅಡುಗೆಮನೆಯ ಕಿಟಕಿಯಿಂದ ಹೊರಟು, ನಾಲ್ಕು ಮಹಡಿಗಳ ಅಡುಗೆಮನೆಗಳೂ ತೆರೆದುಕೊಂಡಿದ್ದ ಒಂದೇ ಗಾಳಿಕಿಂಡಿಯೊಳಗೆ ಇಳಿಯಿತು, ಏರಿತು. ಸ್ವಲ್ಪ ಹೊತ್ತಿನಲ್ಲಿ ಇಡೀ ಕಟ್ಟಡವೇ ಕೆಮ್ಮತೊಡಗಿತು. ಮೇಲಿನ ಮನೆಯಲ್ಲಿ ಯಾರೋ ಸೀನುತ್ತ ಯಾರನ್ನೋ ಬೈಯುತ್ತಿದ್ದರು, ಎರಡೂ ಪೂರ್ತಿಯಾಗುತ್ತಿರಲಿಲ್ಲ.

ಕೆಳಮನೆಯ ಡ್ರಿಲ್ ಮಾಸ್ತರು ನಿವೃತ್ತರಾಗಿದ್ದರೂ ಸೀಟಿಯನ್ನು ಕೊರಳಿನಿಂದ ಇಳಿಸಿರಲಿಲ್ಲ. ಅಂಥದ್ದೊಂದು ಸಂದರ್ಭಕ್ಕೆ ಅವರು ವರ್ಷಗಟ್ಟಲೆ ಕಾದಿದ್ದರೋ ಏನೋ. ಮೆಟ್ಟಿಲ ಮೇಲೆ ನಿಂತು ಸೀಟಿ ಊದಿದರು.

"ಯಾರೂ ಓಡ್ಬಾರ್ದು. ಸಾಲಾಗಿ ಇಳೀರಿ. ವಯರ್ ಸುಟ್ಟಿದೆ, ನಾನು ಮೈನ್ ಆಫ್ ಮಾಡ್ತೀನಿ."

"ವಯರಲ್ಲ ಮಾಸ್ತರೇ, ನಮ್ಮನೆ ಮೆಣಸಿನಕಾಯಿ," ಚಿಕ್ಕವರು ಬಾಗಿಲಿನಿಂದ ಕೂಗಿದರು. ಕೂಗಿದ್ದು ಅರ್ಧ, ಕೆಮ್ಮಿದ್ದು ಅರ್ಧ. ಮಾಸ್ತರಿಗೆ ಅದು ಅಪಾಯದಲ್ಲಿರುವವನ ಕೂಗಿನಂತೆಯೇ ಕೇಳಿಸಿತು. ಅವರು ಮೈನ್ ಸ್ವಿಚ್ಚು ಇಳಿಸಿ, ಯಾರೂ ತಿಳಿಯದೆ ಏರಿಸಬಾರದು ಅಂತ ಪೆಟ್ಟಿಗೆಗೆ ತಮ್ಮ ಸ್ವಂತ ಬೀಗ ಜಡಿದು, ಕೀಲಿಕೈ ಜೇಬಿಗೆ ಹಾಕಿಕೊಂಡು, ಜನರನ್ನು ರಸ್ತೆಯಾಚೆಯ ಮೈದಾನಕ್ಕೆ ಕರೆದೊಯ್ದು ಸಾಲಾಗಿ ನಿಲ್ಲಿಸಿದರು. ತಲೆ ಎಣಿಸಿದರು. ಲೆಕ್ಕ ತಾಳೆಯಾಗಲಿಲ್ಲ. ಮತ್ತೆ ಎಣಿಸಿದರು. ಲೆಕ್ಕ ತಾಳೆಯಾಗುವ ತನಕ ವಾಪಸು ಬರುವ ಆಸಾಮಿ ಅವರಲ್ಲ.

ಚಿಕ್ಕವರು ಸೀದ ಕಾಯಿಗಳನ್ನು ಚೆಲ್ಲಿ, ಉಳಿದವನ್ನು ಹೊಸದಾಗಿ ಹುರಿದರು. ಈ ಸಲ ಹೆಂಡತಿಯ ಮೂಗಿನ ಅಪ್ಪಣೆಯಂತೆ ಇಳಿಸಿದರು. ಬಿಸಿನೀರಿನಲ್ಲಿ ನೆನೆಸಿದರು. ಟೊಮೇಟೊ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಉರಿಯ ಮೇಲೆ ಸುಟ್ಟರು. ಎಳ್ಳು, ಕಡಲೇಕಾಯಿ ಬೀಜ ಹುರಿದರು. ಎಲ್ಲವನ್ನೂ ಮಿಕ್ಸಿಗೆ ತುಂಬಿ ಗುಂಡಿ ತಿರುಗಿಸಿದರು. ಮಿಕ್ಸಿ ಮಾತಾಡಲಿಲ್ಲ.

"ಮಾಸ್ತರು ಕೀ ತಗೊಂಡು ಹೋಗಿದ್ದಾರಲ್ರೀ," ಹೆಂಡತಿ ನೆನಪಿಸಿದರು.

ಕಿಟಕಿಯಿಂದ ಬಗ್ಗಿ ನೋಡಿದರೆ ಮೈದಾನದಲ್ಲಿ ಎಣಿಕೆ ಮುಗಿದಿರಲಿಲ್ಲ. ಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಒಂದು ಸಣ್ಣ ಕಲ್ಲಿನ ಕುಟ್ಟಾಣಿ ಇತ್ತು. ಚಿಕ್ಕವರು ಅದನ್ನು ನೆಲದ ಮೇಲಿಟ್ಟು, ಚಕ್ಕಳಮಕ್ಕಳ ಕೂತು, ಒಂದೊಂದು ಹಿಡಿಯಾಗಿ ಕುಟ್ಟತೊಡಗಿದರು. ಕುಟ್ಟಿದ್ದನ್ನು ಜರಡಿಗೆ ಹಾಕಿ ಕೈಯಿಂದ ಉಜ್ಜಿ, ಸಿಪ್ಪೆ ಬೇರೆ ರಸ ಬೇರೆ ಮಾಡಬೇಕಿತ್ತು.

ಆ ಹೊತ್ತಿಗೆ ಎದುರುಮನೆಯ ನರ್ಸಮ್ಮ ಬಾಗಿಲಲ್ಲಿ ನಿಂತರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರನ್ನು ಮಾಸ್ತರು ಎಬ್ಬಿಸಿ ಸಾಲಿಗೆ ಕರೆದಿದ್ದರು, ಅವರು ಹೋಗಿರಲಿಲ್ಲ. ಚಿಕ್ಕವರು, ಅವರ ಹೆಂಡತಿ, ಜೊತೆಗೆ ಇವರು, ಮಾಸ್ತರ ಲೆಕ್ಕಕ್ಕೆ ಮೂರು ತಲೆ ಕಡಿಮೆ ಬೀಳುತ್ತಿದ್ದುದು ಅದಕ್ಕೇ.

"ಬರಿಗೈಯಲ್ಲಿ ಮಾಡ್ತಿದ್ದೀರಾ ಇದನ್ನ?" ಅಂದರು ನರ್ಸಮ್ಮ. "ತಡೀರಿ, ನನ್ನ ಹತ್ರ ಗ್ಲೌಸ್ ಇದೆ, ಕೊಡ್ತೀನಿ."

"ಬೇಡ ಸಿಸ್ಟರ್. ನಮ್ಮ ಶೇಡ್ ರೂಮಲ್ಲಿ ಗ್ಲೌಸ್ ಹಾಕಲ್ಲ. ಎಷ್ಟು ಗಟ್ಟಿಯಾಗಿದೆ ಅನ್ನೋದು ಬೆರಳಿಗೆ ಗೊತ್ತಾಗ್ಬೇಕು."

"ಗೊತ್ತಾಗುತ್ತೆ ಬಿಡಿ," ಅಂದು ನರ್ಸಮ್ಮ ಗೋಡೆಗೆ ಒರಗಿದರು. ಹೇಗೂ ನಿದ್ದೆ ಕೆಟ್ಟಿತ್ತು.

ಅರೆದು ಮುಗಿಯುವ ಹೊತ್ತಿಗೆ ಚಿಕ್ಕವರ ಕೈಗಳು ಮಣಿಕಟ್ಟಿನ ತನಕ ಕೆಂಪಾಗಿದ್ದವು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಅರೆದದ್ದನ್ನು ಸುರಿದಾಗ ಅದು ಚಟಪಟ ಸಿಡಿದು, ಆಮೇಲೆ ತಗ್ಗಿ, ಮೆಲ್ಲಗೆ ಕುದಿಯತೊಡಗಿತು. ಹೆಂಡತಿ ಮೊಬೈಲು ನೋಡಿ, "ಈಗ ಚಕ್ಕೆ ಪುಡಿ. ಆಮೇಲೆ ಒಂದು ತುಂಡು ಕಪ್ಪು ಚಾಕೊಲೇಟು," ಅಂದರು.

ನರ್ಸಮ್ಮ ಗೋಡೆ ಬಿಟ್ಟು ನೆಟ್ಟಗೆ ನಿಂತರು. "ಮೆಣಸಿನಕಾಯಿಗೆ ಚಾಕೊಲೇಟಾ? ಯಾರ ಮೇಲ್ರೀ ಇಷ್ಟು ದ್ವೇಷ?"

"ದ್ವೇಷ ಏನಿಲ್ಲ ಸಿಸ್ಟರ್. ನಮ್ಮ ದೊಡ್ಡವರು ರಿಟೈರ್ ಆಗ್ತಿದ್ದಾರೆ."

"ಅದನ್ನೇ ಕೇಳಿದ್ದು."

ಚಾಕೊಲೇಟು ಕರಗಿತು. ಚಿಕ್ಕವರು ಬಿಳಿಯ ಸಾಸರಿನ ಮೇಲೆ ಒಂದು ಹನಿ ಬಿಟ್ಟುಕೊಂಡು ಕಿಟಕಿಗೆ ಹೋದರು. ಬೆಳಕಿಗೆ ಅಡ್ಡ ನಿಂತಿದ್ದ ಹೆಂಡತಿಯನ್ನೂ ನರ್ಸಮ್ಮನನ್ನೂ ಪಕ್ಕಕ್ಕೆ ಸರಿಸಿದರು. ಹನಿ ನೋಡಿದರು, ಚಿತ್ರ ನೋಡಿದರು, ಮತ್ತೆ ಹನಿ ನೋಡಿದರು. ಅಂಚಿನಲ್ಲಿ ಕೆಂಪು, ನಡುವೆ ಹೋಗುತ್ತ ಹೋಗುತ್ತ ಆಳವಾದ ಕಂದು, ಓರೆ ಮಾಡಿದರೆ ಒಳಗಿನಿಂದ ಯಾರೋ ದೀಪ ಹಿಡಿದಂಥ ಹೊಳಪು. ಚಿತ್ರದಲ್ಲಿದ್ದದ್ದು ಇದರ ಮುಂದೆ ಏನೂ ಅಲ್ಲ. ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದೆ ತಾವೇ ಸರಿ ಅಂದುಕೊಂಡ ಮೊದಲ ಬಣ್ಣ ಅದು.

ರುಚಿ ನೋಡಿದರು. ಮೊದಲು ಸಿಹಿ, ಆಮೇಲೆ ಹೊಗೆ, ಇನ್ನೇನು ಪರವಾಗಿಲ್ಲ ಅನ್ನುವಷ್ಟರಲ್ಲಿ ಖಾರ ನೆತ್ತಿಗೆ ಏರಿತು. ಮಾತಾಡಲಾಗದೆ ತಲೆ ಆಡಿಸಿದರು. ಮೆಕ್ಕೆಜೋಳದ ಹಿಟ್ಟಿನ ತೆಳ್ಳನೆ ರೊಟ್ಟಿಗಳನ್ನು ಪೊಟ್ಟಣದಲ್ಲೇ ಕೊಂಡು ತಂದಿದ್ದರು, ಅದಕ್ಕೆ ಪದ್ಧತಿಯ ಅಡ್ಡಿ ಇರಲಿಲ್ಲ. ಸಾಸನ್ನು ಮುಚ್ಚಳವಿರುವ ಪಾತ್ರೆಗೆ ತುಂಬಿ, ಕೈಯನ್ನು ಸೋಪಿನಿಂದ ತೊಳೆದರು. ಮತ್ತೆ ತೊಳೆದರು. ಬಣ್ಣ ಹೋಯಿತು, ಉರಿ ಹೋಗಲಿಲ್ಲ.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಾತ್ರೆಯನ್ನು ತೊಡೆಗಳ ನಡುವೆ ಬಿಗಿಹಿಡಿದು, ಉರಿಯುವ ಕೈಗಳನ್ನು ಗಾಳಿಗೆ ಎತ್ತಿ ಹಿಡಿದು ಕೂತರು. ಕಂಡಕ್ಟರು ಬಂದು ನೋಡಿ, "ಯಾರಿಗೆ ಸ್ವಾಮಿ ಶರಣಾಗ್ತಿರೋದು?" ಅಂತ ಕೇಳಿದ. ಪಕ್ಕದಲ್ಲಿದ್ದವರು ಒಂದು ಸಲ ಸೀನಿ ಬೇರೆ ಸೀಟಿಗೆ ಹೋದರು. ಚಿಕ್ಕವರಿಗೆ ಅದೇನೂ ಮನಸ್ಸಿಗೆ ತಾಕಲಿಲ್ಲ. ಕೈ ಉರಿದರೆ ಉರಿಯಲಿ, ಮೂರು ಗಂಟೆ ಆಗುವ ತನಕ ತಾನೆ.

ಕಾರ್ಖಾನೆಯ ಗೇಟಿನಲ್ಲೇ ಪ್ಯಾಕಿಂಗ್ ಅಕ್ಕ ಸಿಕ್ಕಿದರು. ಡಬ್ಬಗಳಿಗೆ ಮುಚ್ಚಳ ಬಡಿದು ಚೀಟಿ ಅಂಟಿಸುವ ವಿಭಾಗ ಅವರದು. ಕಾರ್ಖಾನೆಯ ಸಮಾರಂಭಗಳೆಲ್ಲ ಅವರ ಯಜಮಾನಿಕೆಯಲ್ಲೇ ನಡೆಯುವುದು.

"ಬನ್ನಿ ಬನ್ನಿ. ನಾಳೆಯಿಂದ ನೀವೇ ದೊಡ್ಡವರು," ಅಂತ ಅಕ್ಕ ಕೈ ಚಾಚಿದರು.

"ಕೈ ಬೇಡಕ್ಕ, ಕೈ ಸರಿಯಿಲ್ಲ."

"ನೋಡಿ, ಏನು ವಿನಯ," ಅಂದು ಅಕ್ಕ ತಾವೇ ಕೈಯನ್ನು ಎಳೆದುಕೊಂಡು ಕುಲುಕಿದರು. ಅವರ ಹಿಂದೆ ಲೆಕ್ಕಪತ್ರದ ಗುಮಾಸ್ತರು, ಅವರ ಹಿಂದೆ ಗೋದಾಮಿನವರು, ಯಂತ್ರದವರು, ಲಾರಿಯವರು. ಎಲ್ಲರಿಗೂ ಒಂದೇ ಖುಷಿ. ದೊಡ್ಡವರಿಂದ "ಇನ್ನೊಂದು ಸಲ" ಅನ್ನಿಸಿಕೊಳ್ಳದವರು ಆ ಕಾರ್ಖಾನೆಯಲ್ಲಿ ಇರಲಿಲ್ಲ. ಅಕ್ಕನ ಚೀಟಿ ಸೊಟ್ಟಗಿದ್ದರೂ ಅವರು ಬಿಟ್ಟವರಲ್ಲ. ಚಿಕ್ಕವರು ಕೈ ಹಿಂದಕ್ಕೆ ಇಟ್ಟುಕೊಂಡಷ್ಟೂ ಜನ ಹಿಂದಿನಿಂದ ಬಂದು ಕುಲುಕಿದರು. ಕೊನೆಗೆ ಕಾರ್ಖಾನೆಯ ಯಜಮಾನರೇ ಕೋಣೆಯಿಂದ ಹೊರಬಂದು ಎರಡೂ ಕೈಗಳಿಂದ ಕುಲುಕಿ, "ಜವಾಬ್ದಾರಿ ದೊಡ್ಡದು," ಅಂದರು.

ಸಮಾರಂಭ ಶೇಡ್ ರೂಮಿನಲ್ಲೇ ಇತ್ತು, ದೊಡ್ಡವರಿಗೆ ಆ ಕಿಟಕಿಯ ಬೆಳಕೇ ಬೇಕಲ್ಲ. ಅವರು ಎಂದಿನ ಬಿಳಿ ಅಂಗಿಯಲ್ಲಿ, ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಕಾಲ ಬಳಿ ಕಟ್ಟಿಟ್ಟ ಕೈಚೀಲ. ಕಿಟಕಿಯ ಕಟ್ಟೆಯ ಮೇಲೆ ಅವರ ಕುಂಚಗಳು ಇರುತ್ತಿದ್ದ ಜಾಗ ಖಾಲಿಯಾಗಿ, ಧೂಳಿಲ್ಲದ ಒಂದು ಗುರುತು ಮಾತ್ರ ಉಳಿದಿತ್ತು. ಜನ ಗೋಡೆಗೆ ಆತು ನಿಂತು ಗಡಿಯಾರ ನೋಡುತ್ತಿದ್ದರು. ಬಸ್ಸಿಗೆ ಕಾಯುವವರ ಮುಖದಲ್ಲಿ ಇದಕ್ಕಿಂತ ಹೆಚ್ಚು ಭಾವನೆ ಇರುತ್ತದೆ. ಯಜಮಾನರು ನಾಲ್ಕು ಒಳ್ಳೆಯ ಮಾತಾಡಿದರು. ಅಕ್ಕ ಉಡುಗೊರೆಯಾಗಿ ಒಂದು ಗೋಡೆ ಗಡಿಯಾರ ಕೊಟ್ಟರು. ದೊಡ್ಡವರು ಅದರ ಮುಳ್ಳಿನ ಬಣ್ಣ ನೋಡಿ ಏನೋ ಹೇಳಲು ಹೋಗಿ, ತಡೆದುಕೊಂಡರು.

"ಎಲ್ಲಿ, ತಾರಯ್ಯ ನಿನ್ನ ಸಾಸು," ಅಂದರು.

ಚಿಕ್ಕವರು ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮುಚ್ಚಳದ ಮೇಲೆ ಕೈಯಿಟ್ಟರು. ಬಣ್ಣ ನೋಡುವ ಮೊದಲು ಶೇಡ್ ರೂಮಿನವರು ಮಾಡುವ ಕೆಲಸವನ್ನು ಇಬ್ಬರೂ ಒಟ್ಟಿಗೆ ಮಾಡಿದರು. ಕಣ್ಣು ಮುಚ್ಚಿ, ರೆಪ್ಪೆಗಳನ್ನು ಬೆರಳಿನಿಂದ ಒತ್ತಿ ಹಿಡಿದರು. ದೊಡ್ಡವರು ಕಣ್ಣು ತೆರೆದರು. ಚಿಕ್ಕವರು ತೆರೆಯಲಿಲ್ಲ.

ಕೆಂಡ ಇಟ್ಟ ಹಾಗಾಯಿತು. ನೀರು ಧಾರಾಕಾರ ಇಳಿಯಿತು. ಒರೆಸಿಕೊಳ್ಳಲು ಹೋದರು, ಅದೇ ಕೈ. ಉರಿ ಇಮ್ಮಡಿಯಾಗಿ, ಅವರು ಕಟ್ಟೆ ಹಿಡಿದು ಬಗ್ಗಿ ನಿಂತರು. ಭುಜಗಳು ಅದುರುತ್ತಿದ್ದವು. ಬಾಯಿಂದ "ಅಯ್ಯೋ, ಸಾರ್" ಅನ್ನುವುದಕ್ಕಿಂತ ಹೆಚ್ಚು ಮಾತು ಹೊರಡಲಿಲ್ಲ.

ಗೋಡೆಗೆ ಆತು ನಿಂತವರೆಲ್ಲ ನೆಟ್ಟಗಾದರು. ಚಿಕ್ಕವರು ದೊಡ್ಡವರಿಗಾಗಿ ಅಳುತ್ತಾರೆ ಅಂತ ಯಾರು ತಾನೇ ಅಂದುಕೊಂಡಿದ್ದರು. ಗುಮಾಸ್ತರಿಗೆ ಮನಸ್ಸು ಹಿಂಡಿದಂತಾಗಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒರೆಸಿಕೊಂಡದ್ದೇ ತಡ, ಅವರೂ ಬಿಕ್ಕತೊಡಗಿದರು. ಗೋದಾಮಿನವರು ಹಣೆಯ ಬೆವರು ಒರೆಸುತ್ತ ಕಣ್ಣಿನ ತನಕ ಬಂದರು, ಅಲ್ಲೇ ನಿಂತರು. ಯಜಮಾನರು ಮೂಗಿನ ಮೇಲೆ ಕೈಯಿಟ್ಟು ಗಂಭೀರವಾಗಿ ನಿಂತಿದ್ದವರು ಒಂದು ಸಲ ಕಣ್ಣುಜ್ಜಿಕೊಂಡು, ಗೋಡೆಯ ಕಡೆ ತಿರುಗಿಬಿಟ್ಟರು. ಯಜಮಾನರೇ ಅಳುತ್ತಿರುವಾಗ ಯಂತ್ರದವರು ಸುಮ್ಮನಿರುವುದು ಹೇಗೆ. ಎಲ್ಲರೂ ಅಳುತ್ತಿದ್ದಾರೆ ಅಂತ ಕಂಡ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರದು ಯಾವ ಕಣ್ಣೀರು ಅನ್ನುವುದು ಅವರಿಗೂ ಗೊತ್ತಿರಲಿಕ್ಕಿಲ್ಲ.

ದೊಡ್ಡವರು ಕುರ್ಚಿಯಿಂದ ಎದ್ದು ಅಷ್ಟೂ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಚಿಕ್ಕವರ ತೋಳು ಹಿಡಿದು ಹಿಂದಿನ ಟೀ ಕೋಣೆಗೆ ಕರೆದೊಯ್ದು, ಬಾಗಿಲು ಹಾಕಿದರು.

ಅಲ್ಲಿ ತಮ್ಮ ಕರವಸ್ತ್ರವನ್ನು ತಣ್ಣನೆಯ ಹಾಲಿನಲ್ಲಿ ಅದ್ದಿ ಅವರ ಕಣ್ಣಿನ ಮೇಲಿಟ್ಟರು. ಹಿಂಡಿದರು, ಮತ್ತೆ ಅದ್ದಿ ಇಟ್ಟರು. ಚಿಕ್ಕವರಿಗೆ ಸ್ವಲ್ಪ ಹೊತ್ತಿನ ಮೇಲೆ ಮಂಜು ಮಂಜಾಗಿ ಏನೋ ಕಾಣತೊಡಗಿತು. ಎದುರಿಗೆ ದೊಡ್ಡವರ ಮುಖ. ಅಷ್ಟು ಹತ್ತಿರದಿಂದ ಅವರು ಅದನ್ನು ಯಾವತ್ತೂ ನೋಡಿರಲಿಲ್ಲ. ಕೆನ್ನೆ ಜೋತುಬಿದ್ದಿತ್ತು.

"ಒಂದು ಮಾತು ಕೇಳ್ತೀನಿ," ಅಂದರು ದೊಡ್ಡವರು. "ನಿಜ ಹೇಳು. ನಾನು ಹೋಗ್ತೀನಿ ಅಂತಾನಾ ಅತ್ತಿದ್ದು?"

ಮೆಣಸಿನಕಾಯಿ ಸಾರ್ ಅನ್ನುವ ಮಾತು ಚಿಕ್ಕವರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೇಳಿದವರ ಮುಖ ಹಾಗಿತ್ತು. ಇಡೀ ಜೀವಮಾನ ತೀರ್ಪು ಹೇಳಿದವರು ಮೊದಲ ಸಲ ತಾವೇ ಒಂದು ತಗಡು ಬಳಿದು ಕಿಟಕಿಗೆ ತಂದವರ ಹಾಗೆ ನಿಂತಿದ್ದರು. ಚಿಕ್ಕವರಿಗೆ ಒಳಗೆ ಏನೋ ಚುರ್ ಅಂದಿತು. ಮೂರಕ್ಕೆ ಹೋಗುವವರು, ಒಂದು ಒಳ್ಳೆ ಮಾತು ಹೇಳಿದರೆ ನನ್ನ ಗಂಟೇನು ಹೋಗುತ್ತೆ, ಅಂದುಕೊಂಡರು.

"ಹೌದು ಸಾರ್," ಅಂದರು. "ನೀವು ಹೋಗ್ತೀರಲ್ಲ ಅಂತಾನೇ."

ದೊಡ್ಡವರು ಅವರನ್ನೇ ದಿಟ್ಟಿಸಿದರು. ಕರವಸ್ತ್ರ ಹಿಂಡಿ, ಮಡಿಸಿ, ಬಾಗಿಲು ತೆಗೆದು ಹೊರಗೆ ನಡೆದರು. ಚಿಕ್ಕವರು ಗೋಡೆ ಹಿಡಿದುಕೊಂಡು ಹಿಂದೆ ಬಂದರು. ಶೇಡ್ ರೂಮಿನಲ್ಲಿ ಅಳು ಇನ್ನೂ ನಿಂತಿರಲಿಲ್ಲ.

"ಯಜಮಾನರೇ," ಅಂದರು ದೊಡ್ಡವರು. "ಮೊನ್ನೆ ನೀವು ಇನ್ನೆರಡು ವರ್ಷ ಇರಿ ಅಂದ್ರಿ. ನಾನು ಆಗಲ್ಲ ಅಂದೆ. ಈಗ ಆಗಲಿ ಅಂತೀನಿ."

ಯಜಮಾನರು ಗೋಡೆಯಿಂದ ತಿರುಗಿ, ಕಣ್ಣು ಬಿಡಲಾಗದೆಯೇ ದೊಡ್ಡವರನ್ನು ತಬ್ಬಿಕೊಂಡರು. "ಇಷ್ಟು ಜನ ಅಳ್ತಿದ್ದಾರೆ, ಹೇಗೆ ಕಳಿಸಿಕೊಡ್ಲಿ ಹೇಳಿ," ಅಂದರು. ಜನ ಚಪ್ಪಾಳೆ ತಟ್ಟಿದರು. ಅಳುತ್ತಿದ್ದವರಿಗೆ ಬೇರೆ ದಾರಿ ಇರಲಿಲ್ಲ. ಅಕ್ಕ ಮಾತ್ರ ಗಡಿಯಾರ ವಾಪಸು ತಗೊಳ್ಳುವುದೋ ಬಿಡುವುದೋ ಅಂತ ತಿಳಿಯದೆ ಅದನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದರು.

ದೊಡ್ಡವರು ಪಾತ್ರೆಯ ಮುಚ್ಚಳ ತೆಗೆದು, ಸಾಸನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ನೋಡಿ, "ಇನ್ನೊಂದು ಸಲ" ಅನ್ನದೆ ಅದನ್ನು ಜನರ ಕಡೆ ಸರಿಸಿದರು. ಆಮೇಲೆ ಉಳಿದವರೆಲ್ಲ ರೊಟ್ಟಿಗೆ ಸಾಸು ಹಚ್ಚಿಕೊಂಡು ತಿಂದರು. ಕಣ್ಣಿನಲ್ಲಿ ಇದ್ದದ್ದೇ ಬಾಯಿಗೂ ಬಂದಿತ್ತು. ಆದರೂ ಪ್ರತಿಯೊಬ್ಬರೂ ಎರಡನೆಯ ರೊಟ್ಟಿಗೆ ಕೈ ಚಾಚಿದರು. ಗುಮಾಸ್ತರು ಪಾತ್ರೆಯ ತಳ ಕೆರೆದು, "ಅದ್ಭುತವಾಗಿದೆ, ನೀರೆಲ್ಲಿ?" ಅಂತ ಕೇಳಿದರು. ಚಿಕ್ಕವರು ತಮ್ಮ ಪಾಲಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು, ಅಷ್ಟೆ. ಗಡಿಯಾರದಲ್ಲಿ ಮೂರು ಹೊಡೆಯಿತು. ಗೇಟು ಯಾರೂ ದಾಟಲಿಲ್ಲ.

ಜನ ಚದುರಿದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು. ದೊಡ್ಡವರು ಚೀಲ ಬಿಚ್ಚಿ ಕುಂಚಗಳನ್ನು ಒಂದೊಂದಾಗಿ ಕಟ್ಟೆಯ ಮೇಲೆ ಜೋಡಿಸುತ್ತಿದ್ದರು. ಚಿಕ್ಕವರು ಮೂಲೆಯ ಸ್ಟೂಲಿನ ಮೇಲೆ ಕೂತು ಅದನ್ನು ನೋಡಿದರು. ಇನ್ನು ಸುಮ್ಮನಿದ್ದರೆ ಎದೆ ಒಡೆದುಹೋಗುತ್ತದೆ ಅನ್ನಿಸಿತು.

"ಸಾರ್. ನಾನು ಆಗ ಅತ್ತಿದ್ದು..."

"ಮೆಣಸಿನಕಾಯಿಗೆ," ಅಂದರು ದೊಡ್ಡವರು, ತಿರುಗದೆಯೇ.

ಚಿಕ್ಕವರು ಸ್ಟೂಲಿನಿಂದ ಎದ್ದರು. "ನಿಮಗೆ ಗೊತ್ತಿತ್ತಾ?"

"ಜೀವಮಾನವೆಲ್ಲ ಕೆಂಪು ನೋಡಿದವನಿಗೆ ಅಷ್ಟು ಗೊತ್ತಾಗಲ್ವೇನಯ್ಯ? ಖಾರದ ಕೆಂಪು ಹೊರಗಡೆಯಿಂದ ಬರುತ್ತೆ. ರೆಪ್ಪೆ ಅಂಚಲ್ಲಿ ಮೊದಲು, ಇಟ್ಟಿಗೆ ಬಣ್ಣ. ಅತ್ತವರ ಕಣ್ಣಿನ ಕೆಂಪು ಒಳಗಡೆಯಿಂದ ಬರುತ್ತೆ, ಅದರಲ್ಲಿ ಒಂಚೂರು ನೀಲಿ ಬೆರೆತಿರುತ್ತೆ. ಅಷ್ಟು ಜನದಲ್ಲಿ ಒಬ್ಬರ ಕಣ್ಣಲ್ಲೂ ನೀಲಿ ಇರ್ಲಿಲ್ಲ."

"ಮತ್ತೆ ಯಾಕೆ ಸಾರ್ ಉಳ್ಕೊಂಡ್ರಿ?"

ದೊಡ್ಡವರು ಕೈಯಲ್ಲಿದ್ದ ಕುಂಚವನ್ನು ಕೆಳಗಿಟ್ಟರು. "ಕೇಳಿದ್ದಕ್ಕೆ ನೀನು ಹೌದು ಅಂದೆಯಲ್ಲ, ಅದಕ್ಕೆ. ಈ ಕಾರ್ಖಾನೇಲಿ ನನಗೆ ಹೆದರಿ ಸುಳ್ಳು ಹೇಳಿದವರು ಬೇಕಾದಷ್ಟು ಜನ ಇದ್ದಾರೆ. ನನ್ನ ಮನಸ್ಸು ನೋಯಬಾರದು ಅಂತ ಸುಳ್ಳು ಹೇಳಿದವನು ನೀನೊಬ್ಬನೇ. ಅಂಥವನನ್ನ ಬಿಟ್ಟು ಮನೇಲಿ ಗೋಡೆ ನೋಡ್ಕೊಂಡು ಕೂತ್ಕೊಳ್ಳೋದು ಯಾಕೆ ಅನ್ನಿಸ್ತು."

ಚಿಕ್ಕವರು ಎರಡು ಹೆಜ್ಜೆ ಮುಂದೆ ಬಂದರು. "ಖಾರ ಸಾರ್ ಅಂತ ಹೇಳಿಬಿಟ್ಟಿದ್ರೆ?"

"ಹೋಗ್ತಿದ್ದೆ. ಚೀಲ ಕಟ್ಟಿಟ್ಟಿದ್ನಲ್ಲ," ಅಂದರು ದೊಡ್ಡವರು. "ಈ ಹೊತ್ತಿಗೆ ನೀನು ಈ ಕುರ್ಚೀಲಿ ಕೂತಿರ್ತಿದ್ದೆ."

ಚಿಕ್ಕವರು ಕುರ್ಚಿಯನ್ನು ನೋಡಿದರು. ಅದರ ಮೇಲೆ ಬೀಳುತ್ತಿದ್ದ ತಂಪು ಬೆಳಕನ್ನು ನೋಡಿದರು. ಮನೆಯಲ್ಲಿ ಕಾಯುತ್ತಿರುವ ಹೆಂಡತಿ ನೆನಪಾದರು. ಬೆಳಗ್ಗೆಯಿಂದ ಹೊಗೆಗೂ ಖಾರಕ್ಕೂ ಸೋರಿದ ಕಣ್ಣುಗಳಲ್ಲಿ ಇನ್ನು ನೀರು ಉಳಿದಿರಲಾರದು ಅಂದುಕೊಂಡಿದ್ದರು, ಉಳಿದಿತ್ತು. ಅದು ಸದ್ದಿಲ್ಲದೆ ಕೆನ್ನೆಯ ಮೇಲೆ ಇಳಿಯತೊಡಗಿತು.

ದೊಡ್ಡವರು ಗಾಬರಿಯಿಂದ ಹತ್ತಿರ ಬಂದರು. ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ತಮ್ಮ ಕಣ್ಣುಗಳನ್ನು ಒಮ್ಮೆ ಒತ್ತಿ ಮುಚ್ಚಿ, ತೆರೆದು, ಬಹಳ ಹೊತ್ತು ನೋಡಿದರು.

"ನೀಲಿ ಇದೆ ಕಣಯ್ಯ," ಅಂದರು. ಅವರ ದನಿ ಒಡೆದಿತ್ತು. "ನನ್ನ ಮೇಲೆ ಇಷ್ಟು ಪ್ರೀತಿ ಇಟ್ಕೊಂಡಿದ್ದೀಯ ಅಂತ ನನಗೆ ಗೊತ್ತೇ ಇರ್ಲಿಲ್ಲ. ಎರಡು ವರ್ಷ ಸಾಲಲ್ಲ ಬಿಡು. ನಾಳೆ ಯಜಮಾನರ ಹತ್ರ ಹೋಗಿ ಐದು ಅಂತ ಹೇಳಿ ಬರ್ತೀನಿ."

ಚಿಕ್ಕವರು ಅಳು ನಿಲ್ಲಿಸಲು ತಮ್ಮ ಕೈಲಾದಷ್ಟು ಪ್ರಯತ್ನಪಟ್ಟರು. ಆದರೆ ಅದು ಹೆಚ್ಚಾಗುತ್ತಲೇ ಹೋಯಿತು.